ಫೋನು ಕಂಡುಹಿಡಿದ ಕಿವಿ

ಹೊಲಿಗೆ ಮೆಷಿನ್ನುಗಳ ಮೆಕ್ಯಾನಿಕ್ಕು, ಹೊಲಿಗೆಯವರು ಬರುವ ಮೊದಲೇ ಗಾರ್ಮೆಂಟ್ಸ್‌ಗೆ ಬಂದು, ಒಂದೊಂದೇ ಮೆಷಿನ್ನನ್ನು ಖಾಲಿ ಓಡಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಎಡಗಿವಿಗೆ ಆನಿಸಿ ಕೇಳುತ್ತಿದ್ದ. ಜ್ವರ ಬಂದ ದಿನವೂ ಇದನ್ನು ತಪ್ಪಿಸಿದವನಲ್ಲ. ಒಳಗೆ ಎಣ್ಣೆ ಆರಿದೆಯೋ, ಬೇರಿಂಗ್ ಸವೆದಿದೆಯೋ, ಬಿಚ್ಚದೆಯೇ ಹೇಳುತ್ತಿದ್ದ. ದೇವರು ಒಬ್ಬೊಬ್ಬರಿಗೆ ಒಂದೊಂದು ಕಡೆ ಅನ್ನ ಇಡುತ್ತಾನೆ. ಇವನಿಗೆ ಕಿವಿಯಲ್ಲಿ ಇಟ್ಟಿದ್ದ.

ಆ ಎಡಗಿವಿ ಮಂದವಾಗುತ್ತಾ ಬಂತು. ಹಿಡಿಯನ್ನು ಬಲಗಿವಿಗೆ ಬದಲಾಯಿಸಿದ. ಸ್ವಲ್ಪ ದಿನಕ್ಕೆ ಅದೂ ಅದೇ ದಾರಿ ಹಿಡಿಯಿತು. ಇವನು ಚೆನ್ನಾಗಿದೆ ಎಂದು ಬಿಟ್ಟ ಮೆಷಿನ್ ಒಂದು ಮಧ್ಯಾಹ್ನದ ಹೊತ್ತಿಗೆ ಕಚ್ಚಿಕೊಂಡು ನಿಂತಿತು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆಂದು ಯಾರಿಗೂ ಹೇಳಲಿಲ್ಲ. ಅಲ್ಲಿನ ಮ್ಯಾನೇಜರು ಹೆಂಡತಿಯ ಸ್ವಂತ ಅಣ್ಣನೇ. ಆದರೆ ನೆಂಟಸ್ತನವನ್ನು ಚಪ್ಪಲಿಯ ಹಾಗೆ ಗೇಟಿನ ಹೊರಗೆ ಬಿಟ್ಟು ಬರುವ ಮನುಷ್ಯ. ಒಮ್ಮೆ ಮಾತ್ರ ಬಸ್ಸಿನಲ್ಲಿ ಕೂತು, ಕಿವಿ ಮಂದವಾದರೆ ಏನು ಮಾಡಬೇಕೆಂಬ ವಿಡಿಯೋವನ್ನು ಕೊನೆತನಕ ನೋಡಿದ.

ಫೋನಿಗೆ ಅಷ್ಟು ಸಾಕಾಯಿತು.

ಗಂಡಹೆಂಡಿರಿಗೆ ಇದ್ದದ್ದು ಒಂದೇ ಫೋನು. ಸಂಜೆ ಅವನು ಮನೆಗೆ ಬಂದರೆ ಅದು ಅವಳದು. ಅವಳಿಗೆ ಬಟ್ಟೆಯ ಕಲೆ ತೆಗೆಯುವ ವಿಡಿಯೋಗಳೆಂದರೆ ಪ್ರಾಣ. ನೋಡುತ್ತಾ ನೋಡುತ್ತಾ ಜಾಹೀರಾತುಗಳು ತಾವಾಗಿಯೇ ಬರುತ್ತಿದ್ದವು: ತುಕ್ಕಿನ ಕಲೆಗೆ ಒಂದು ಪುಡಿ, ಶಾಯಿಯ ಕಲೆಗೆ ಇನ್ನೊಂದು, ಕಾಲರಿನ ಕೊಳೆಗೇ ಅಂತ ಒಂದು ಬ್ರಷ್ಷು. ಕಟ್ಟಿಕೊಂಡ ಗಂಡನಿಗೆ ಇಷ್ಟು ವರ್ಷದಲ್ಲಿ ತಿಳಿಯದ್ದು ಇದಕ್ಕೆ ತಿಳಿದಿದೆಯೆಂದು ಅವಳಿಗೆ ಫೋನಿನ ಮೇಲೆ ಗೌರವ. ಹಾಗಾಗಿ ಕಿವಿಗೆ ಇಡುವ ಮೆಷಿನ್ನಿನ ಜಾಹೀರಾತು ಒಂದರ ಹಿಂದೊಂದು ಬರತೊಡಗಿದಾಗ ಅನುಮಾನವೇ ಪಡಲಿಲ್ಲ.

"ನೋಡ್ರೀ, ನನಗೆ ಕಿವಿ ಹೋಗ್ತಾ ಇದೆ. ನಂಗೇ ಗೊತ್ತಾಗಿಲ್ಲ, ಇದಕ್ಕೆ ಗೊತ್ತಾಗಿದೆ."

ಕುಂಬಳಕಾಯಿ ಕಳ್ಳ ಅಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಇಲ್ಲಿ ಕದಿಯದವಳು ಮುಟ್ಟಿ ನೋಡಿಕೊಂಡಳು. ಕದ್ದವನು ಕಾಫಿ ಕುಡಿಯುತ್ತಾ ಕೂತಿದ್ದ.

ಅಂದಿನಿಂದ ಅವಳು ಗಟ್ಟಿಯಾಗಿ ಮಾತಾಡತೊಡಗಿದಳು. ಅವನಿಗೆ ಮನೆಯಲ್ಲಿ ಎಲ್ಲವೂ ಸ್ಪಷ್ಟವಾಗಿ ಕೇಳಿಸತೊಡಗಿತು. ಅನುಕೂಲವೇ ಆಯಿತೆಂದು ಸುಮ್ಮನಿದ್ದ. ಆದರೆ ಅವಳು ತಪ್ಪು ಕೇಳಿಸಿಕೊಂಡರೆ ನಗುತ್ತಾರೆಂದು ಅಕ್ಕಪಕ್ಕದವರ ಜೊತೆ ಮಾತು ಬಿಟ್ಟಳು. ದೂರದಿಂದ ಮಗಳು ಫೋನು ಮಾಡಿದರೆ, ನಿಮ್ಮಪ್ಪನ ಹತ್ತಿರ ಮಾತಾಡು ಎಂದು ಅವನ ಕೈಗೆ ಕೊಡುತ್ತಿದ್ದಳು. ಅವನು ಏನೂ ಕೇಳಿಸದೆ ಹ್ಞೂಂ ಹ್ಞೂಂ ಎನ್ನುತ್ತಿದ್ದ. ಮಗಳು ಮಾತಾಡುವುದನ್ನು ಅವಳು ಎದುರು ಕೂತು ಅವನ ಮುಖದಲ್ಲೇ ಓದಲು ನೋಡುತ್ತಿದ್ದಳು.

ಕೊನೆಗೆ ಇದನ್ನು ನೋಡಲಾರದೆ, ಅವಳ ಕಿವಿಗೆ ಏನೂ ಆಗಿಲ್ಲವೆಂದು ಡಾಕ್ಟರೇ ಹೇಳಲಿ ಎಂದು ಅವನೇ ಅವಳನ್ನು ಕಿವಿಯ ಡಾಕ್ಟರಲ್ಲಿಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಇವರಿಗೆ ಇರುವೆ ನಡೆದರೂ ಕೇಳಿಸುತ್ತದೆ ಅಂದರು. ಜಾಹೀರಾತಿನ ಕತೆ ಕೇಳಿದ ಮೇಲೆ, ಆ ಫೋನನ್ನು ಇನ್ಯಾರು ನೋಡುತ್ತಾರೆಂದು ಅವನನ್ನು ಕೇಳಿದರು. ಅವನು ಗೋಡೆಯ ಮೇಲಿದ್ದ ಕಿವಿಯ ಚಿತ್ರ ನೋಡುತ್ತಾ ನಿಂತಿದ್ದ. ಇನ್ನೊಮ್ಮೆ ಕೇಳಿದರು. ಮತ್ತೆ ಕೇಳುವ ಅಗತ್ಯ ಬೀಳಲಿಲ್ಲ. ಹೆಂಡತಿ ಅವನ ಕಡೆ ತಿರುಗಿದ್ದಳು.

ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಆಡಿದ್ದರೂ ಬೀದಿಯ ಗದ್ದಲದಲ್ಲಿ ಅವನಿಗೆ ಕೇಳಿಸುತ್ತಿರಲಿಲ್ಲ.

ಮನೆ ಸೇರಿದ ಸ್ವಲ್ಪ ಹೊತ್ತಿಗೆ ಅವಳ ಅಣ್ಣ ಬಂದ. ತನ್ನ ಫೋನಿನ ಚಾರ್ಜು ಮುಗಿದಿದೆಯೆಂದು ಇವರದನ್ನು ತೆಗೆದುಕೊಂಡ. ಕಿವಿಯ ಮೆಷಿನ್ನಿನ ಜಾಹೀರಾತು ಅವನ ಕಣ್ಣಿಗೂ ಬಿತ್ತು. ಇದು ಯಾರಿಗೆ ಎಂದು ಕೇಳಿದ.

ನೀರು ತರುತ್ತೇನೆಂದು ಅವಳು ಗಂಡನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಅವನ ಬಲಗಿವಿಗೆ ಬಾಯಿ ಹಚ್ಚಿ ಹೇಳಿದಳು: "ನನಗೇ ಅಂದುಬಿಡ್ತೀನಿ. ನಂಗೇನು ಕೆಲಸ ಹೋಗುತ್ತಾ?"

"ಬೇಡ ಕಣೇ. ಇಷ್ಟು ದಿನ ನನ್ನ ಕಿವುಡು ನೀನು ಹೊತ್ತಿದ್ದು ಸಾಕು. ಭಾವನಿಗೆ ನಾನೇ ಹೇಳ್ತೀನಿ," ಎಂದ ಅವನು, ಮೆಲ್ಲಗೇ ಹೇಳಿದೆನೆಂದುಕೊಂಡು, ಹೊರಗೆ ಕೂತ ಭಾವನಿಗೂ ಕೇಳುವಷ್ಟು ಗಟ್ಟಿಯಾಗಿ.