ಫಾಲಾನಿಕೊನ ಗಂಟಲು

ಸವಾಯ್ ದ್ವೀಪದ ಆ ಊರಿನಲ್ಲಿ ಚರ್ಚಿನ ಹಾಡು ಶುರುವಾದರೆ ಫಾಲಾನಿಕೊನ ದನಿ ಕೇಳಲೆಂದೇ ಮೀನುಗಾರರು ದೋಣಿ ನಿಲ್ಲಿಸುತ್ತಿದ್ದ ಕಾಲವೊಂದಿತ್ತು. ತಳದಿಂದೆದ್ದು ಬರುವ ದಪ್ಪ ದನಿ. ಅದರ ಜೊತೆಗೇ ಸಿಗರೇಟೂ ಇತ್ತು. ಕೊನೆಗೆ ಗಂಟಲಿಗೆ ಕ್ಯಾನ್ಸರ್ ಬಂದು, ಡಾಕ್ಟರು ದನಿಪೆಟ್ಟಿಗೆಯನ್ನೇ ಕೊಯ್ದು ತೆಗೆದು, ಉಸಿರಾಡಲು ಕತ್ತಿನ ಬುಡದಲ್ಲೊಂದು ತೂತು ಬಿಟ್ಟು ಕಳಿಸಿದರು.

ಅಂದಿನಿಂದ ಅವನ ತುಟಿ ಅಲುಗುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಆ ತುಟಿಗಳನ್ನು ಓದಬಲ್ಲವಳು ಮೊಮ್ಮಗಳು ಮಟಲೇನಾ ಒಬ್ಬಳೇ. ಅಜ್ಜ ಮೂಕನಾದ ವರ್ಷ ಅವಳು ಅತ್ತದ್ದು ಅಷ್ಟಿಷ್ಟಲ್ಲ. ಕಾಲೇಜು ಸೇರಿದ ಮೇಲೆ ಗೆಳೆಯರನ್ನು ಕಟ್ಟಿಕೊಂಡು, ಊರೂರಲ್ಲಿ ಹೊಗೆ ನಿಲ್ಲಿಸಬೇಕೆಂದು ಹೊರಟಳು.

"ನೀನು ಬಂದು ಸುಮ್ನೆ ಕೂತ್ಕೊ ಅಜ್ಜ. ಮಾತಾಡೋದು ನನಗೆ ಬಿಡು."

ಅವನು ಹೋದ. ಮೊದಲ ಊರಿನ ಯಜಮಾನರ ಮುಂದೆ ಅವಳೇ ಅವನ ಕತ್ತಿನ ತೂತು ಮುಚ್ಚಿದ್ದ ಬಟ್ಟೆ ಬಿಚ್ಚಿದಳು. ಹೆಂಗಸರು ಮುಖ ತಿರುಗಿಸಿದರು. ಒಂದು ಮಗು ಕಿರುಚಿತು. ಫಾಲಾನಿಕೊ ತುಟಿಯಾಡಿಸಿದ: 'ಸಾಕು, ಬಟ್ಟೆ ಕಟ್ಟು.'

"ಅಜ್ಜ ಹೇಳ್ತಾನೆ, ನಿಮ್ಮ ಮಕ್ಕಳಿಗೆ ಈ ಗತಿ ಬರೋದು ಬೇಡ ಅಂತ!" ಎಂದಳು ಮಟಲೇನಾ.

ಚಪ್ಪಾಳೆ ಬಿತ್ತು. ಮುಂದಿನ ಊರಲ್ಲಿ ಅವನು 'ಬಾಯಾರಿದೆ' ಎಂದ. ಅವಳು, ಸೇದಬೇಡಿ ದಮ್ಮಯ್ಯ ಅಂತ ಬೇಡ್ಕೊಳ್ತಿದ್ದಾನೆ ಎಂದಳು. ಮನೆಗೆ ಬಂದು ಅವನು ಮುನಿಸಿಕೊಂಡರೆ, "ನೀನು ಹೇಳಿದ್ದನ್ನೇ ಹೇಳಿದ್ರೆ ಯಾರು ಬಿಡ್ತಾರೆ ಸಿಗರೇಟನ್ನ?" ಎಂದು ಗದರಿದಳು.

ಕಡೆಗೆ ಅವರದೇ ಊರಿನ ಯಜಮಾನರೂ ಒಪ್ಪಿದರು. ಊರೊಳಗೆ ಯಾರೂ ಸೇದುವಂತಿಲ್ಲ. ನಿಷೇಧ ಸಾರಿದ ದಿನ ರಾಜಧಾನಿ ಆಪಿಯಾದಿಂದ ಅತಿಥಿಗಳು ಬಂದರು, ಹಂದಿ ಸುಟ್ಟರು, ತೆಂಗಿನ ಹಾಲಲ್ಲಿ ಕೆಸುವಿನೆಲೆ ಬೇಯಿಸಿದರು. ಫಾಲಾನಿಕೊ ಬಿಳಿ ಅಂಗಿ ತೊಟ್ಟು ಬಂದು ಕಂಬಕ್ಕೊರಗಿ ಕೂತ. ಮಟಲೇನಾ ಓಡಿಬಂದು ಅವನ ರಟ್ಟೆ ಹಿಡಿದಳು.

"ಇಲ್ಲಲ್ಲ ಅಜ್ಜ, ಅಡುಗೆಮನೆ ಹಿಂದೆ ಕೂತ್ಕೊ. ಆ ತೂತಿನ ಗೊರಗೊರ ಸದ್ದು ಕೇಳಿದ್ರೆ ಅವರಿಗೆ ಊಟ ಸೇರುತ್ತಾ?"

ನಾಯಿಗಳ ನಡುವೆ ಅವನ ತಟ್ಟೆ ಬಂತು. ಎರಡು ತುತ್ತು ತಿಂದಿರಬೇಕು, ಅಷ್ಟರಲ್ಲಿ ಹಿರಿಯ ಯಜಮಾನ ಟೋಫಿಲಾವು ಇನ್ನಿಬ್ಬರೊಡನೆ ಅಲ್ಲಿಗೇ ಬಂದು ಸಿಗರೇಟು ಹಚ್ಚಿದ. ಬೆಳಿಗ್ಗೆ ನಿಷೇಧ ಸಾರಿದ್ದು ಅವನೇ. ಗಾಳಿ ಇತ್ತಲೇ ಬೀಸುತ್ತಿತ್ತು. ಹೊಗೆ ನೇರ ಕತ್ತಿನ ತೂತಿಗಿಳಿದು ಮುದುಕ ನೆಲಕ್ಕೆ ಬಾಗಿ ಕೆಮ್ಮಿದ.

"ಅಯ್ಯೋ ಮಾರಾಯ, ನೀನಿಲ್ಲಿದ್ದೀಯಾ!" ಟೋಫಿಲಾವು ನಕ್ಕ. "ಪರವಾಗಿಲ್ಲ ಬಿಡ್ರೋ, ಊರಿಗೆಲ್ಲ ಡಂಗುರ ಹೊಡೆಯೋಕೆ ಇವನಿಗೆ ಗಂಟಲೆಲ್ಲಿದೆ?"

ಫಾಲಾನಿಕೊ ಎದ್ದು, ಬಟ್ಟೆಯಿಂದ ಲೋಳೆ ಒರೆಸಿಕೊಳ್ಳುತ್ತ ಊಟದ ಸಾಲಿನ ನಡುವೆಯೇ ನಡೆದ. ಮೊಮ್ಮಗಳ ಮುಂದೆ ನಿಂತು ನಿಧಾನವಾಗಿ ತುಟಿಯಾಡಿಸಿದ: 'ಟೋಫಿಲಾವು ಅಡುಗೆಮನೆ ಹಿಂದೆ ಸೇದುತ್ತಿದ್ದಾನೆ.' ಅವಳ ಮುಖ ಬಿಳಿಚಿತು. ಅರ್ಥವಾಗಿತ್ತು.

"ಏನಂತಾರೆ ನಿಮ್ಮಜ್ಜ?" ಅತಿಥಿಯೊಬ್ಬಳು ಕೇಳಿದಳು.

ಮಟಲೇನಾ ಅಡುಗೆಮನೆಯತ್ತ ಒಮ್ಮೆ ನೋಡಿದಳು. "ಊರು ಸಿಗರೇಟು ಬಿಟ್ಟಿತಲ್ಲ, ಅದಕ್ಕೆ ಖುಷಿ ತಡೀಲಾರದೆ ಬಂದಿದ್ದಾನೆ."

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಮೇಲೆ ಅವನು ಅವಳ ಕಡೆ ತುಟಿಯಾಡಿಸಲೇ ಇಲ್ಲ. ಬೇರೆ ಊರುಗಳ ಕರೆ ಬಂದಾಗ, ಕಡಲಿಗೆ ಮುಖ ಮಾಡಿ ಚಾಪೆಯ ಮೇಲೆ ಮಲಗಿಬಿಟ್ಟ. ಮಟಲೇನಾ ಮೊದಲು ಬೇಡಿಕೊಂಡಳು, ಆಮೇಲೆ ಬೈದಳು.

"ಏಳಜ್ಜ, ವ್ಯಾನು ಕಾಯ್ತಿದೆ. ನೀನಿಲ್ಲದೆ ನಮ್ಮ ಮಾತು ಯಾರು ಕೇಳ್ತಾರೆ?"

ಅವನು ಅಲುಗಲಿಲ್ಲ. ಅವಳ ಗೆಳೆಯರಿಬ್ಬರು ಬಂದು ಆಚೀಚೆ ತೋಳಿಗೆ ಕೈ ಕೊಟ್ಟು ಎತ್ತಿದರು. ಒಣಗಿದ ತೆಂಗಿನ ಮಡಲಿನಷ್ಟು ಹಗುರವಾಗಿದ್ದ. ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಅವಳು ಕತ್ತಿಗೆ ಒಗೆದ ಬಟ್ಟೆ ಕಟ್ಟಿದಳು, ಜನರ ಮುಂದೆ ಥಟ್ಟನೆ ಬಿಚ್ಚಲು ಬರುವಂತೆ, ಒಂದೇ ಸಡಿಲ ಗಂಟು ಹಾಕಿ.