ಖಾನೆಯ ನಟ್ಟನಡುವ

ಓದೋ ಅಣ್ಣಗಳಿಗಿ, ಅಕ್ಕಗಳಿಗಿ ಶರಣ್ರಿ. ಇದನ್ನ ಹಾಳ್ಯಾಗ ಬರದಿಲ್ಲ. ಆಳಂದದ ನಮ್ಮ ಛಾಪಖಾನ್ಯಾಗ ನಿಂತು ಸೀದಾ ಒಂದೊಂದ ಅಚ್ಚಿನ ಮೊಳಿ ಹೆಕ್ಕಿ ಜೋಡಸಾಕತ್ತೇನಿ. ಮೀಸಿ ಬಂದ ಮ್ಯಾಲ ಸಾಲಿಗಿ ಹೋದಾಂವ ನಾನು. ಅದರಾಗ ಸೀಸದ ಮೊಳ್ಯಾಗ ಅಕ್ಷರ ಎಲ್ಲಾ ತಿರುವುಮುರುವು. ವ ಇದ್ದಲ್ಲಿ ಪ ಬಿದ್ದಿದ್ರ ಹೊಟ್ಟ್ಯಾಗ ಹಾಕ್ಕೋರಿ.

ನನಗ ಬ್ಯಾಸರ ತಂದದ್ದು ಅಕ್ಷರ ಅಲ್ರಿ, ಖಾನೆ. ಗೆರಿ ಎಳದು ತಖ್ತೆ ಮಾಡ್ತೀವಲ್ಲ, ಅದರ ಒಂದೊಂದ ಮನಿಗಿ ಖಾನೆ ಅಂತೀವಿ. ಒಂದ ಖಾನ್ಯಾಗ ಮೂರು ಸಾಲು, ಬಾಜೂಕಿನ ಖಾನ್ಯಾಗ ಒಂದೇ ಸಾಲು ಇತ್ತಂದ್ರ ಆ ಒಂಟಿ ಸಾಲನ್ನ ಎಲ್ಲಿ ಕುಂದರಸಬೇಕು? ಮ್ಯಾಲ ಬಿಟ್ರ ಜೋತುಬಿದ್ದಂಗ, ಕೆಳಗ ಬಿಟ್ರ ಜಾರಿಬಿದ್ದಂಗ ಅಂತಾರ ನಮ್ಮ ಮಾಲಕರು. "ಮನಿಗಿ ಬಂದ ಬೀಗರನ್ನ ಜಮಖಾನಿ ಅಂಚಿಗಿ ಕುಂದರಸ್ತಿ ಏನಲೇ? ನಡುವ ತಾ." ನಡುವ ತರೂದಂದ್ರ ಸಾಲಿನ ಮ್ಯಾಲೊಂದು, ಕೆಳಗೊಂದು ಸೀಸದ ಪಟ್ಟಿ ತುರುಕೂದು. ಮ್ಯಾಲಿಂದು ದಪ್ಪಾದ್ರ ಸಾಲು ಕುಸೀತದ, ಕೆಳಗಿಂದು ದಪ್ಪಾದ್ರ ಏರ್ತದ, ಎರಡೂ ದಪ್ಪಾದ್ರ ಗೆರಿನೇ ಡೊಂಕು. ಕುತಗಿ ಹಿಡದು, ಕಣ್ಣಾಗ ನೀರ ಬಂದು, ನಾ ಗ್ವಾಡಿ ನೋಡಕೋತ ನಿಂದರತಿದ್ದೆ. ಗ್ವಾಡ್ಯಾಗಿನ ಗೂಡಿನಾಗ ದೀಪ ತಳದಾಗೇ ಕುಂತದ. ಅದನ್ನ ನಡುವ ತೇಲಸು ಅಂತ ಯಾರೂ ಅಂದಿಲ್ಲ.

ಹ್ವಾದ ಮಳಿಗಾಲದಾಗ ಮಣ್ಣೂರ ಹೊಳ್ಯಾಗಿನ ದೋಣಿದು ಒಂದ ತಖ್ತೆ ಬಂತು. ಎಡಕ ಒಂದರ ಕೆಳಗೊಂದು ಸೋಮವಾರ, ಬುಧವಾರ, ಶುಕ್ರವಾರ. ಬಲಕ ಒಂದೇ ಮಾತು: ಮುಂಜಾನಿ ಎಂಟಕ್ಕ. ಮೂರೂ ದಿನಕ್ಕ ಅದೇ ಟೈಮು. ಅದನ್ನ ಕೂದಲೆಳಿ ಫರಕಿಲ್ಲದಂಗ ನಟ್ಟನಡುವ ಕುಂದರಿಸಿದೆ. ಮಾಲಕರು ಮೊದಲನೇ ಸಲ ಶಾಬಾಸ ಅಂದ್ರು. ನಾನೂ ಸುಮ್ನಿರಲಿಲ್ಲ. ಅಫಜಲಪುರದಾಗಿರೋ ನಮ್ಮ ಗೌರಕ್ಕಗ, ನಿಮ್ಮ ಪ್ಯಾಟ್ಯಾಗ ಅಂಟಿಸಿದ್ದು ನಂದೇ ಕೈಕೆಲಸ ಅಂತ ಹೇಳಿ ಕಳಿಸಿದೆ.

ಗೌರಕ್ಕನ ಮಗಳು ಹೊಳಿ ಆಚಿ ಗಂಡನ ಮನ್ಯಾಗಿದ್ಲು, ಎರಡನೇ ಬಾಣಂತನ. ದಿನ ತುಂಬ್ಯಾವ, ಲಗೂನ ಬಾ ಅಂತ ಒಂದ ಗುರುವಾರ ಸುದ್ದಿ ಬಂತು. ಅಕ್ಕಗ ಓದಾಕ ಬರಂಗಿಲ್ಲ. ಪ್ಯಾಟಿ ಅಂಗಡ್ಯಾವ ತಖ್ತೆ ಮ್ಯಾಲ ಬೆರಳಿಟ್ಟು ಓದಿ ಹೇಳ್ಯಾನ: ಬುಧವಾರ, ಮುಂಜಾನಿ ಎಂಟಕ್ಕ. ಉಳದ ಎರಡ ದಿನದ ಬಾಜೂಕ ಖಾಲಿ ಅದ, ಅವತ್ತ ದೋಣಿ ಇಲ್ಲ. ಅಕ್ಕ ಶುಕ್ರವಾರ ಬಿಟ್ಲು, ಸೋಮವಾರ ಬಿಟ್ಲು. ಬುಧವಾರ ಹೋಗಿ ನೋಡಿದ್ರ ಕೂಸು ನಾಕ ದಿನದ್ದು. ಮಗಳು ಗ್ವಾಡಿ ಕಡಿ ಮಾರಿ ಮಾಡಿ ಮಲಗಿದ್ಲಂತ.

ಆಮ್ಯಾಲ ನಾ ಹೋದಾಗ ಅಕ್ಕ ಬೈಲಿಲ್ಲ. ರೊಟ್ಟಿ ನೀಡಕೋತ ಅಂದ್ಲು, "ಅಂಬಿಗನ್ನ ಕೇಳಿ ಬರ್ರಿ ಅಂತ ಯಾರನ್ನಾರ ಕಳಸ್ತಿದ್ದೆ, ತಮ್ಮಾ. ನೀ ಛಾಪಿಸಿದ ಕಾಗದ ಅದ ಅಂತ ಕಳಸಲಿಲ್ಲ."



ಆಳಂದಕ್ಕ ಬಂದು ಮೂರೂ ದಿನದ ಬಾಜೂಕ ಮೂರ ಸಲ 'ಮುಂಜಾನಿ ಎಂಟಕ್ಕ' ಅಂತ ಜೋಡಿಸಿದೆ. ಒಂದೇ ಮಾತಿಗಿ ಮೂರ ಸಲ ಮೊಳಿ ಯಾಕ ಸವಸ್ತಿ ಅಂದ್ರು ಮಾಲಕರು. ಮೂರೂ ದಿನ ಯಾರಾರ ಹೊಳಿ ದಾಟೋರು ಇರ್ತಾರ್ರಿ ಅಂದೆ. ಚಂದ ಕಾಣವಲ್ದು, ಖರೆ. ಗೌರಕ್ಕ ಈಗ ನನ್ನ ಕಾಗದ ಓದಿಸಿಕೊಂಡ ಮ್ಯಾಲೂ ಅಂಬಿಗನ್ನ ಒಮ್ಮಿ ಕೇಳಸ್ತಾಳಂತ. ಕೇಳಸಲಿ. ನಾನೂ ಈಗ ಖಾನೆ ಬಿಗಿಯೂಕಿಂತ ಮೊದಲ ಮೊಳಿ ಮ್ಯಾಲ ಬೆರಳಿಟ್ಟು, ಆ ಅಂಗಡ್ಯಾವ ಓದಿದಂಗ ಒಂದ ಸಲ ಓದತೇನಿ.

ನೀವೂ ಹಿಂಗ ಚಂದ ಕಾಣ್ಲಿ ಅಂತ ಮಾಡಿದ್ದು ಯಾರನ್ನಾರ ದಂಡಿ ಮ್ಯಾಲೇ ನಿಲ್ಲಿಸಿದ್ದಿದ್ರ ಬರದು ತಿಳಸ್ರಿ. ಅಕ್ಷರ ಹೆಂಗಿದ್ರೂ ನಡೀತದ.