ಗೋದಾವರಿ ಟೀಚರ್ ಅಳಿಸದ ಹೆಸರು

ಗೋದಾವರಿ ಟೀಚರ್ ಮುತ್ತಿನಕೊಪ್ಪದ ಹತ್ತಿರದ ಹಳ್ಳಿಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವರು. ಒಮ್ಮೆ ಅವರು ಬರೆದುಕೊಟ್ಟ ಪ್ರಯೋಗಗಳ ಕೈಪಿಡಿ ಅಚ್ಚಾಗಿ ಬಂದಾಗ ಮೇಲೆ ಆಗಿನ ಹೆಡ್‌ಮಾಸ್ಟರ ಹೆಸರಿತ್ತು. ಟೀಚರ್ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ವರ್ಷಗಟ್ಟಲೆ ಅವರನ್ನು ಚುಚ್ಚಿತು.

೨೦೦೩ರ ಆಗಸ್ಟ್‌ನಲ್ಲಿ ಮಂಗಳ ಗ್ರಹ ಭೂಮಿಗೆ ತೀರಾ ಹತ್ತಿರ ಬಂದಿತ್ತು. ಅದೇ ನೆಪದಲ್ಲಿ ಎನ್.ಆರ್. ಪುರದಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನ ನಡೆಯಿತು. ಟೀಚರ್ ಏಳನೇ ತರಗತಿಯ ನಿಶ್ಚಿತಾಳನ್ನು ಕೂರಿಸಿಕೊಂಡು, ಗ್ರಹ ಉಪಗ್ರಹಗಳನ್ನು ಕಂಡುಹಿಡಿದವರ ದೊಡ್ಡ ಚಾರ್ಟ್ ಮಾಡಿದರು. ಯುರೇನಸ್ಸಿನ ಮುಂದೆ ಹರ್ಷೆಲ್, ಶನಿಯ ಟೈಟನ್ ಮುಂದೆ ಹೈಗೆನ್ಸ್. ಮಂಗಳನ ಚಂದ್ರರ ಮುಂದೆ ಮಾತ್ರ ಎರಡು ಹೆಸರು: ಅಸಾಫ್ ಹಾಲ್, ಏಂಜಲೀನ್ ಹಾಲ್.

ತೀರ್ಪುಗಾರರಾಗಿದ್ದ ನಿವೃತ್ತ ಉಪನ್ಯಾಸಕ ಕರಿಬಸವಯ್ಯ ಆ ಸಾಲಿನ ಮೇಲೆ ಬೆರಳಿಟ್ಟರು.

"ಇದ್ಯಾರು ಏಂಜಲೀನ್? ಪುಸ್ತಕದಲ್ಲಿ ಈ ಹೆಸರಿಲ್ವಲ್ಲ ಮೇಡಂ."

"ಅಸಾಫ್ ಹಾಲ್ ಹೆಂಡ್ತಿ ಸಾರ್. ಕಾಲೇಜಲ್ಲಿ ಅವನಿಗೆ ಗಣಿತ ಹೇಳ್ಕೊಟ್ಟವಳು. ಮಂಗಳನ ಚಂದ್ರರನ್ನ ಹುಡುಕಿ ಹುಡುಕಿ ಸಾಕಾಗಿ ಅವನು ಬಿಟ್ಟುಬಿಡ್ತೀನಿ ಅಂದಾಗ, ಇನ್ನೊಂದ್ ಸಲ ನೋಡು ಅಂತ ಪಟ್ಟುಹಿಡಿದು ಕಳ್ಸಿದ್ಲು. ಆಮೇಲೇ ಸಿಕ್ಕಿದ್ದು."

"ದೂರದರ್ಶಕದಲ್ಲಿ ಕಂಡಿದ್ದು ಅವನಿಗಲ್ವಾ? ಈ ಹೆಸರು ಅಳಿಸಿ. ಮೊದಲ ಬಹುಮಾನ ನಿಮ್ಗೇ, ಜಿಲ್ಲೆಗೂ ಕಳಿಸ್ತೀವಿ."

ನಿಶ್ಚಿತಾ ಆಗಲೇ ಹೆಸರಿನ ಮೇಲೆ ಅಂಟಿಸಲು ಬಿಳಿ ಕಾಗದ ಹುಡುಕತೊಡಗಿದ್ದಳು. ಟೀಚರ್ ಅವಳ ಕೈ ಹಿಡಿದು ನಿಲ್ಲಿಸಿದರು.

"ಬಹುಮಾನ ಬೇರೆಯವ್ರಿಗೆ ಕೊಡಿ ಸಾರ್. ನಾನು ಅಳಿಸಲ್ಲ."

ಚಾರ್ಟ್ ಸುತ್ತಿಕೊಂಡು ಇಬ್ಬರೂ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ನಿಶ್ಚಿತಾ ಅತ್ತಳು.

"ಅಳು ಪರವಾಗಿಲ್ಲ. ತಪ್ಪು ಮಾಡಿದ್ವಿ ಅಂದ್ಕೊಂಡು ಮಾತ್ರ ಅಳ್ಬೇಡ" ಎಂದರು ಟೀಚರ್.

ಮುಂದಿನ ವಾರ ಅವರು ಶಾಲೆಯ ವರಾಂಡದ ಗೋಡೆಯ ಮೇಲೆ ಅದೇ ಸಾಲನ್ನು ನೀಲಿ ಬಣ್ಣದಲ್ಲಿ ದಪ್ಪಗೆ ಬರೆದರು. ಹೊಸದಾಗಿ ಬಂದಿದ್ದ ಹೆಡ್‌ಮಾಸ್ಟರ್ ಗಣೇಶಮೂರ್ತಿ, ಇನ್‌ಸ್ಪೆಕ್ಷನ್ ಇದೆಯೆಂದು ಅದಕ್ಕೆ ಸುಣ್ಣ ಹೊಡೆಸಿದರು. ಟೀಚರ್ ಮತ್ತೆ ಬರೆದರು. ಮತ್ತೆ ಸುಣ್ಣ ಬಿತ್ತು. ಮೂರನೇ ಸಲ ಅವರು ಸ್ಟೂಲ್ ಹತ್ತಿ ನಿಂತಿದ್ದಾಗ ಗಣೇಶಮೂರ್ತಿ ಬಂದರು.

"ಎಷ್ಟು ಸಲ ಅಂತ ಬರೀತೀರಿ ಮೇಡಂ?"

"ನೀವು ಎಷ್ಟು ಸಲ ಹೊಡೆಸ್ತೀರೋ ಅಷ್ಟು ಸಲ."

ಸಾಹೇಬರು ಇನ್‌ಸ್ಪೆಕ್ಷನ್‌ಗೆ ಬಂದರು, ಗೋಡೆ ಓದಿದರು, ಹಾಜರಿ ಪುಸ್ತಕ ಕೇಳಿದರು. ಅಷ್ಟೇ. ಸುಣ್ಣದ ಬಕೆಟ್ ಆಮೇಲೆ ಆ ಗೋಡೆಯ ಹತ್ತಿರ ಬರಲಿಲ್ಲ.

೨೦೦೯ರಲ್ಲಿ ಟೀಚರ್ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಗಣೇಶಮೂರ್ತಿ ಮೈಕಿನಲ್ಲಿ, "ನಮ್ಮ ಮೇಡಂ ಸ್ವಲ್ಪ ಹಟಮಾರಿ" ಎಂದರು. ಮಕ್ಕಳು ನಕ್ಕರು.

"ಸ್ವಲ್ಪ ಅಲ್ಲ ಸಾರ್" ಎಂದರು ಗೋದಾವರಿ ಟೀಚರ್, ಕೂತಲ್ಲಿಂದಲೇ.